ಸೋಲಾರ್ ಮತ್ತು ಬ್ಯಾಟರಿ: ಕ್ಯಾಲಿಫೋರ್ನಿಯಾದಲ್ಲಿ ಯಾವ ಲೈಸೆನ್ಸಿನವರಿಗೆ ಕೆಲಸ ಕೊಡಬೇಕು?

ಬೇ ಏರಿಯಾದಲ್ಲಿ ಮನೆ ತೆಗೆದುಕೊಂಡ ಮೇಲೆ ನಮ್ಮ ಬಾಗಿಲು ತಟ್ಟಿದವರಲ್ಲಿ ಸೋಲಾರ್ ಮಾರುವವರೇ ಜಾಸ್ತಿ. ಒಬ್ಬರು ಸಂಜೆ ಊಟದ ಹೊತ್ತಿಗೆ ಬಂದರು. ಎಷ್ಟು ಪ್ಯಾನೆಲ್, ಎಷ್ಟು ಬ್ಯಾಟರಿ, ತಿಂಗಳಿಗೆ ಎಷ್ಟು ಉಳಿತಾಯ, ಎಲ್ಲವನ್ನೂ ಟ್ಯಾಬ್ಲೆಟ್‌ನಲ್ಲಿ ಚೆನ್ನಾಗಿ ತೋರಿಸಿದರು. "ನಿಮ್ಮ ಲೈಸೆನ್ಸ್ ಯಾವ ಕ್ಲಾಸಿನದು?" ಎಂದು ಕೇಳಿದೆ. "ನಮ್ಮ ಕಂಪನಿಗೆ ಎಲ್ಲ ಲೈಸೆನ್ಸ್ ಇದೆ ಸರ್" ಎಂದು ಹೇಳಿ ಮುಂದಿನ ಪುಟ ತಿರುಗಿಸಿದರು. ನಂಬರ್ ಕೇಳಿದರೆ, ನಾಳೆ ಕಳಿಸುತ್ತೇನೆ ಅಂದರು. ಆ ನಾಳೆ ಬರಲೇ ಇಲ್ಲ.

ಇಲ್ಲಿ "ಲೈಸೆನ್ಸ್ ಇದೆ" ಅನ್ನುವುದು ಅರ್ಧ ಉತ್ತರ ಅಷ್ಟೇ. ಕಾರಿನ ಲೈಸೆನ್ಸ್ ಇಟ್ಟುಕೊಂಡು ಲಾರಿ ಓಡಿಸಲು ಆಗುವುದಿಲ್ಲ ಅಲ್ವಾ? ಕ್ಯಾಲಿಫೋರ್ನಿಯಾದಲ್ಲಿ ಕಾಂಟ್ರಾಕ್ಟರ್ ಲೈಸೆನ್ಸ್ ಕೂಡ ಹಾಗೆಯೇ. ಪ್ರತಿಯೊಂದು ಕಸುಬಿಗೂ ಒಂದು ವರ್ಗ. ಸೂರಿನ ಕೆಲಸಕ್ಕೆ ಒಂದು, ನಲ್ಲಿ ಕೆಲಸಕ್ಕೆ ಒಂದು, ಕರೆಂಟಿಗೆ ಒಂದು, ಸೋಲಾರ್‌ಗೆ ಇನ್ನೊಂದು. ಇವನ್ನೆಲ್ಲ ಕೊಡುವುದು ಸಿಎಸ್‌ಎಲ್‌ಬಿ ಎಂದು ಎಲ್ಲರೂ ಕರೆಯುವ ರಾಜ್ಯದ ಕಾಂಟ್ರಾಕ್ಟರ್ ಲೈಸೆನ್ಸ್ ಮಂಡಳಿ. 1929ರಿಂದ ಇದೆ. ಸೋಲಾರ್ ಪ್ಯಾನೆಲ್ ಮಾತ್ರ ಹಾಕಿಸುತ್ತಿದ್ದ ಕಾಲದಲ್ಲಿ ಈ ವರ್ಗಗಳ ಬಗ್ಗೆ ಮನೆಯವರು ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಬ್ಯಾಟರಿ ಬಂದ ಮೇಲೆ ಲೆಕ್ಕ ಬದಲಾಗಿದೆ.

ಬ್ಯಾಟರಿ ಯಾಕೆ ಇಷ್ಟು ಬೇಗ ಬಂತು ಅನ್ನುವುದಕ್ಕೆ ಕಾರಣವಿದೆ. 2023ರ ಏಪ್ರಿಲ್ 15ರಿಂದ ಪಿಜಿ ಅಂಡ್ ಇ, ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್, ಸ್ಯಾನ್ ಡಿಯೇಗೊ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಎಂಬ ಮೂರು ಕರೆಂಟ್ ಕಂಪನಿಗಳ ಗ್ರಾಹಕರಲ್ಲಿ ಹೊಸದಾಗಿ ಸೋಲಾರ್ ಹಾಕಿಸುವವರಿಗೆ ಹೊಸ ಬಿಲ್ಲಿಂಗ್ ಪದ್ಧತಿ ಬಂತು. ಮಧ್ಯಾಹ್ನ ಉಳಿದ ಕರೆಂಟನ್ನು ಗ್ರಿಡ್‌ಗೆ ಕಳಿಸಿದರೆ ಸಿಗುವ ಬೆಲೆ ಮೊದಲಿಗಿಂತ ತುಂಬಾ ಇಳಿಯಿತು. ಸಂಜೆ ಅದೇ ಕರೆಂಟನ್ನು ವಾಪಸ್ ಕೊಳ್ಳುವ ಬೆಲೆ ದುಬಾರಿ. ಹಾಗಾಗಿ ಹಗಲಿನ ಕರೆಂಟನ್ನು ಮನೆಯಲ್ಲೇ ಕೂಡಿಟ್ಟು ರಾತ್ರಿ ಬಳಸುವುದೇ ಲಾಭ. ಈಗ ಸೋಲಾರ್ ಕೊಟೇಶನ್‌ನಲ್ಲಿ ಬ್ಯಾಟರಿ ತಾನಾಗಿಯೇ ಸೇರಿಕೊಂಡಿರುತ್ತದೆ.

ಸಿ-10 ಮತ್ತು ಸಿ-46

ಮನೆಯವರಿಗೆ ಮುಖ್ಯವಾಗುವ ವರ್ಗಗಳು ಎರಡು. ಸಿ-10 ಅಂದರೆ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್. ಸಿ-46 ಅಂದರೆ ಸೋಲಾರ್ ಕಾಂಟ್ರಾಕ್ಟರ್. ಎರಡಕ್ಕೂ ಬುನಾದಿ ಒಂದೇ. ಹಿಂದಿನ 10 ವರ್ಷಗಳಲ್ಲಿ ಕನಿಷ್ಠ 4 ವರ್ಷ ಆ ಕಸುಬಿನಲ್ಲಿ ಪಳಗಿದ ಅನುಭವ ಇರಬೇಕು. ಕಾನೂನು ಮತ್ತು ವ್ಯವಹಾರದ ಒಂದು ಪರೀಕ್ಷೆ, ಕಸುಬಿನ ಇನ್ನೊಂದು ಪರೀಕ್ಷೆ ಪಾಸಾಗಬೇಕು. ಬೆರಳಚ್ಚು ಕೊಡಬೇಕು. ಗ್ರಾಹಕರಿಗೆ ನಷ್ಟವಾದರೆ ಭರಿಸಲೆಂದು 25,000 ಡಾಲರ್ ಬಾಂಡ್ ಇಡಬೇಕು. ವ್ಯತ್ಯಾಸ ಇರುವುದು ಅವರು ಏನು ಮಾಡಬಹುದು ಅನ್ನುವುದರಲ್ಲಿ, ಮತ್ತು ಅವರ ಕೈಕೆಳಗೆ ಯಾರು ಕೆಲಸ ಮಾಡುತ್ತಾರೆ ಅನ್ನುವುದರಲ್ಲಿ.

ಸಿ-10ನವರ ವ್ಯಾಪ್ತಿ ದೊಡ್ಡದು. ಕರೆಂಟ್ ಹುಟ್ಟಿಸುವ, ಸಾಗಿಸುವ, ಬಳಸುವ ಯಾವುದೇ ವೈರಿಂಗ್ ಮತ್ತು ಉಪಕರಣ ಅವರ ಕೆಲಸ. ಸೋಲಾರ್ ಪ್ಯಾನೆಲ್ ಅದರಲ್ಲೇ ಬರುತ್ತದೆ, ಬ್ಯಾಟರಿಯೂ ಬರುತ್ತದೆ, ಮನೆಯ ಮೇನ್ ಪ್ಯಾನೆಲ್, ಅಂದರೆ ಬ್ರೇಕರ್‌ಗಳಿರುವ ಕರೆಂಟ್ ಪೆಟ್ಟಿಗೆ, ಬದಲಾಯಿಸುವುದೂ ಬರುತ್ತದೆ. ಸಿ-46ನವರು ಸೋಲಾರ್ ವ್ಯವಸ್ಥೆ ಹಾಕಬಹುದು, ರಿಪೇರಿ ಮಾಡಬಹುದು, ನಿರ್ವಹಿಸಬಹುದು. ಬೇರೆ ಕಸುಬಿನ ಕೆಲಸವನ್ನು ಆ ಸೋಲಾರ್‌ಗೆ ಬೇಕಾದಷ್ಟು ಮಾತ್ರ ಮಾಡಬಹುದು. ಸೋಲಾರ್‌ಗೆ ಸಂಬಂಧವಿಲ್ಲದ ಕರೆಂಟ್ ಕೆಲಸ ಅವರ ಲೈಸೆನ್ಸಿನ ಹೊರಗೆ.

ಹಾಗಾದರೆ ಬ್ಯಾಟರಿ ಸೋಲಾರ್‌ನ ಭಾಗವೋ, ಬೇರೆ ಕರೆಂಟ್ ಕೆಲಸವೋ? ಇದೇ ಪ್ರಶ್ನೆ ವರ್ಷಗಟ್ಟಲೆ ಜಗಳವಾಯಿತು. 2021ರಲ್ಲಿ ಮಂಡಳಿ ಬ್ಯಾಟರಿ ಕೆಲಸವನ್ನು ಸಿ-46ನವರಿಂದ ತೆಗೆಯಲು ಹೊರಟಿತು. ಸೋಲಾರ್ ಉದ್ಯಮದವರು ಕೋರ್ಟಿಗೆ ಹೋದರು. ಎಲೆಕ್ಟ್ರಿಷಿಯನ್ ಸಂಘದವರು, ಲಿಥಿಯಂ ಬ್ಯಾಟರಿ ಬೆಂಕಿಯ ಅಪಾಯ ಇರುವ ವಸ್ತು, ತರಬೇತಿ ಇಲ್ಲದವರು ಮುಟ್ಟಬಾರದು ಅಂದರು. ಸೋಲಾರ್‌ನವರು, ನಾವು ವರ್ಷಗಳಿಂದ ಇದನ್ನೇ ಹಾಕುತ್ತಿದ್ದೇವೆ, ನಮ್ಮನ್ನು ಹೊರಗಿಟ್ಟರೆ ಬೆಲೆ ಏರುತ್ತದೆ ಅಂದರು. ನನ್ನ ಪ್ರಕಾರ ಇಬ್ಬರ ಮಾತಿನಲ್ಲೂ ಸತ್ಯವಿತ್ತು. ಕೊನೆಗೆ 2024ರ ಅಕ್ಟೋಬರ್ 1ರಿಂದ ಹೊಸ ನಿಯಮ ಜಾರಿಗೆ ಬಂತು. ಸಿ-10ನವರಿಗೆ ಬ್ಯಾಟರಿಯ ಅಳತೆಯಲ್ಲಿ ಮಿತಿ ಇಲ್ಲ. ಸಿ-46ನವರು ಸೋಲಾರ್ ಜೊತೆಗೆ ಹಾಕುವ ಬ್ಯಾಟರಿಯನ್ನು 80 ಕಿಲೋವ್ಯಾಟ್-ಅವರ್‌ವರೆಗೆ ಹಾಕಬಹುದು. ನಮ್ಮೂರಿನ ಬಿಲ್ಲಿನ ಲೆಕ್ಕದಲ್ಲಿ 80 ಯೂನಿಟ್.

80 ಅಂದರೆ ಎಷ್ಟು? ಒಂದು ಟೆಸ್ಲಾ ಪವರ್‌ವಾಲ್ 13.5 ಯೂನಿಟ್ ಹಿಡಿಯುತ್ತದೆ. ಐದು ಹಾಕಿದರೆ 67.5. ಆರನೆಯದು ಹಾಕಿದರೆ 81, ಮಿತಿ ದಾಟಿತು. ಸಾಮಾನ್ಯ ಮನೆಗೆ ಒಂದೋ ಎರಡೋ ಸಾಕು. ಹಾಗಾಗಿ ಈ 80ರ ಗೆರೆ ನಮ್ಮಂಥವರ ತೀರ್ಮಾನವನ್ನು ಬದಲಿಸುವುದೇ ಇಲ್ಲ. ಬದಲಿಸುವುದು ಆ "ಜೊತೆಗೆ" ಅನ್ನುವ ಪದ.

ಕೆಲಸಗಾರರ ವಿಷಯದಲ್ಲಿ ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಇದನ್ನು ಮಾರುವವರು ಹೇಳಿದ್ದನ್ನು ನಾನು ಕೇಳಿಲ್ಲ. ಸಿ-10 ಕಂಪನಿಯಲ್ಲಿ ಕರೆಂಟ್ ಕೆಲಸ ಮಾಡುವ ನೌಕರರು ರಾಜ್ಯದ ಸರ್ಟಿಫಿಕೇಟ್ ಪಡೆದ ಎಲೆಕ್ಟ್ರಿಷಿಯನ್ ಆಗಿರಬೇಕು, ಇಲ್ಲವೇ ಅವರ ಉಸ್ತುವಾರಿಯಲ್ಲಿ ಕಲಿಯುತ್ತಿರುವ ನೋಂದಾಯಿತ ಟ್ರೈನಿ ಆಗಿರಬೇಕು. ಜನರಲ್ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟಿಗೆ 8,000 ಗಂಟೆ ಕೆಲಸದ ಅನುಭವ ಬೇಕು. ಮನೆಗಳ ಕೆಲಸ ಮಾತ್ರ ಮಾಡುವವರಿಗೆ 4,800 ಗಂಟೆ. ಮೇಲೆ ಪರೀಕ್ಷೆ ಬೇರೆ. ಬರೀ ಸಿ-46 ಇರುವ ಕಂಪನಿಯ ಕೆಲಸಗಾರರಿಗೆ ಈ ಕಡ್ಡಾಯ ಇಲ್ಲ. ಹಾಗಂತ ಅವರಿಗೆ ಕೆಲಸ ಬರುವುದಿಲ್ಲ ಅಂತಲ್ಲ. ಹತ್ತು ವರ್ಷ ಬರೀ ಸೋಲಾರ್ ಹಾಕಿದವರ ಕೈ ಸೂರಿನ ಮೇಲೆ ತುಂಬಾ ಚೆನ್ನಾಗಿ ಓಡುತ್ತದೆ. ಅವರಲ್ಲಿ ಕೆಲವರು ಸೋಲಾರ್ ಕೆಲಸದ ಪರಿಣತಿಗೆ ಕೊಡುವ ನ್ಯಾಬ್‌ಸೆಪ್ ಸರ್ಟಿಫಿಕೇಟ್ ಅನ್ನು ತಾವಾಗಿಯೇ ಮಾಡಿಕೊಂಡಿರುತ್ತಾರೆ. ಕೇಳಿ ನೋಡಿ, ಅದು ಇದ್ದರೆ ಒಳ್ಳೆಯ ಲಕ್ಷಣ.

ನಿಮ್ಮ ಮನೆ ಯಾವ ತರಹ?

ಹೊಸದಾಗಿ ಸೋಲಾರ್ ಮತ್ತು ಬ್ಯಾಟರಿ ಒಟ್ಟಿಗೇ ಹಾಕಿಸುತ್ತೀರಿ, ಮನೆಯ ಮೇನ್ ಪ್ಯಾನೆಲ್ 200 ಆಂಪ್ಸ್ ಇದೆ, ಸೂರು ಗಟ್ಟಿಯಾಗಿದೆ ಎಂದಿಟ್ಟುಕೊಳ್ಳಿ. ಇಲ್ಲಿ ಸಿ-46 ಸಾಕು, ಸಿ-10 ಆದರೂ ಸರಿ. ಯಾರು ಹಾಕಿದ ಕೆಲಸ ಚೆನ್ನಾಗಿದೆ, ವಾರಂಟಿ ಎಷ್ಟು, ನಿಮ್ಮ ಬೀದಿಯಲ್ಲಿ ಯಾರ ಹೆಸರು ಒಳ್ಳೆಯದಿದೆ, ಅದನ್ನು ನೋಡಿ ಆರಿಸಿ.

ಟ್ರೇಸಿ, ಮೌಂಟನ್ ಹೌಸ್, ಡಬ್ಲಿನ್ ಕಡೆ ಹೊಸ ಮನೆ ತೆಗೆದುಕೊಂಡ ಕನ್ನಡದವರು ಎಷ್ಟೋ ಜನ ಇದ್ದಾರೆ. ಅವರ ಕಥೆ ಬೇರೆ. 2020ರಿಂದ ಕ್ಯಾಲಿಫೋರ್ನಿಯಾದಲ್ಲಿ ಹೊಸ ಮನೆ ಕಟ್ಟುವಾಗಲೇ ಸೋಲಾರ್ ಇರಬೇಕು ಅನ್ನುವ ನಿಯಮ ಇದೆ. ಮನೆ ಕೈಗೆ ಬರುವಾಗಲೇ ಸೂರಿನ ಮೇಲೆ ಪ್ಯಾನೆಲ್ ಇರುತ್ತದೆ. ಈಗ ಬೇಕಾಗಿರುವುದು ಬ್ಯಾಟರಿ ಮಾತ್ರ. ಇಂಥ ಕೆಲಸಕ್ಕೆ ಸಿ-10 ಲೈಸೆನ್ಸ್ ಇರುವವರನ್ನೇ ಕರೆಯಿರಿ. ಸಿ-46ಕ್ಕೆ ಬ್ಯಾಟರಿಯ ಅವಕಾಶ ಸಿಕ್ಕಿರುವುದೇ ಸೋಲಾರ್ ಕೆಲಸದ ಜೊತೆಗೆ. ಬರೀ ಬ್ಯಾಟರಿ ಎಂದರೆ ಅದು ಪೂರ್ತಿ ಕರೆಂಟ್ ಕೆಲಸ. ಮೇನ್ ಪ್ಯಾನೆಲ್ ಬಿಚ್ಚಬೇಕು, ಕರೆಂಟ್ ಹೋದಾಗ ಯಾವ ಸರ್ಕ್ಯೂಟ್ ಓಡಬೇಕು ಎಂದು ಬೇರೆ ಮಾಡಬೇಕು, ಗ್ರಿಡ್‌ನಿಂದ ಮನೆಯನ್ನು ಕಡಿಯುವ ಸ್ವಿಚ್ ಕೂರಿಸಬೇಕು. ಪ್ಯಾನೆಲ್ ಲೀಸ್‌ನಲ್ಲಿದ್ದರೆ ಮೊದಲು ಆ ಲೀಸ್ ಕಂಪನಿಯ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ನೆಟ್ ಮೀಟರಿಂಗ್ ಎಂಬ 2023ಕ್ಕೆ ಮೊದಲಿನ ಬಿಲ್ಲಿಂಗ್ ಪದ್ಧತಿಯಲ್ಲಿ ಇರುವವರು ಬ್ಯಾಟರಿ ಮಾತ್ರ ಸೇರಿಸಿದರೆ ಹಳೆಯ ದರ ಕಳೆದುಕೊಳ್ಳುವುದಿಲ್ಲ. ಪ್ಯಾನೆಲ್ ಜಾಸ್ತಿ ಸೇರಿಸಿದರೆ ಕಳೆದುಕೊಳ್ಳಬಹುದು.

ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೊಸೆಯ 1960ರ ಆಸುಪಾಸಿನ ಮನೆಗಳಲ್ಲಿ 100 ಆಂಪ್ಸ್ ಪ್ಯಾನೆಲ್ ಇನ್ನೂ ಎಷ್ಟೋ ಕಡೆ ಇದೆ. ಅಂಥ ಮನೆಗೆ ಸೋಲಾರ್, ಬ್ಯಾಟರಿ, ಜೊತೆಗೆ ಕಾರ್ ಚಾರ್ಜರ್, ನಾಳೆ ಹೀಟ್ ಪಂಪ್ ಎಂದರೆ ಮೇನ್ ಪ್ಯಾನೆಲ್ ದೊಡ್ಡದು ಮಾಡಬೇಕಾಗಿ ಬರುತ್ತದೆ. ಕಾರ್ ಚಾರ್ಜರ್ ಸೋಲಾರ್ ಕೆಲಸ ಅಲ್ಲ. ಇಲ್ಲಿ ಸಿ-10 ಬಿಟ್ಟು ಬೇರೆ ಯೋಚನೆಯೇ ಬೇಡ. ನಮ್ಮ ಮನೆ ಇದೇ ತರಹದ್ದು. ಮೂರು ಕೊಟೇಶನ್‌ಗಳಲ್ಲಿ ಎರಡು ಬರೀ ಸಿ-46 ಕಂಪನಿಗಳದ್ದು. ಮೂರನೆಯವರಿಗೆ ಎರಡೂ ಲೈಸೆನ್ಸ್ ಇತ್ತು. ಬೆಲೆ ಸ್ವಲ್ಪ ಜಾಸ್ತಿ, ಆದರೂ ಅವರಿಗೇ ಕೊಟ್ಟೆವು. ಪ್ಯಾನೆಲ್ ಒಬ್ಬರು, ಚಾರ್ಜರ್ ಇನ್ನೊಬ್ಬರು, ಬ್ಯಾಟರಿ ಮತ್ತೊಬ್ಬರು ಎಂದಾದರೆ, ನಾಳೆ ಬ್ರೇಕರ್ ಪದೇ ಪದೇ ಬಿದ್ದರೆ ಯಾರನ್ನು ಕೇಳುವುದು?

ಸೂರೇ ಹಳೆಯದಾಗಿದ್ದರೆ ಮೊದಲು ಸೂರು ಬದಲಿಸಿ. ಅದಕ್ಕೆ ಸಿ-39 ಲೈಸೆನ್ಸ್. ಹೊಸ ಪ್ಯಾನೆಲ್ ಹಾಕಿ ಐದು ವರ್ಷಕ್ಕೆ ಸೂರು ಸೋರಿದರೆ ಎಲ್ಲ ಕೆಳಗಿಳಿಸಿ ಮತ್ತೆ ಏರಿಸುವ ಖರ್ಚು ಚಿಕ್ಕದಲ್ಲ. ಇನ್ನು ಬಿ ವರ್ಗ, ಅಂದರೆ ಜನರಲ್ ಬಿಲ್ಡಿಂಗ್ ಕಾಂಟ್ರಾಕ್ಟರ್. ಅವರು ಸಂಬಂಧವಿಲ್ಲದ ಕನಿಷ್ಠ ಎರಡು ಕಸುಬು ಸೇರಿದ ದೊಡ್ಡ ಕೆಲಸವನ್ನು ಒಟ್ಟಾಗಿ ಹಿಡಿಯಬಹುದು. ಮನೆ ವಿಸ್ತರಿಸುತ್ತಾ ಅದರಲ್ಲೇ ಸೋಲಾರ್ ಸೇರಿಸುವವರಿಗೆ ಇದು ಅನುಕೂಲ. ಬರೀ ಸೋಲಾರ್ ಮತ್ತು ಬ್ಯಾಟರಿಗೆ ಅಂತ ಬಿ ಲೈಸೆನ್ಸಿನವರು ಬಂದರೆ ಬೇಡ ಅನ್ನಿ. ಅವರ ದೊಡ್ಡ ಕೆಲಸದಲ್ಲಿ ಬ್ಯಾಟರಿ ಇದ್ದರೂ ಆ ಭಾಗ ಯಾವ ಸಿ-10 ಸಬ್‌ಕಾಂಟ್ರಾಕ್ಟರ್ ಮಾಡುತ್ತಾರೆ ಎಂದು ಕರಾರಿನಲ್ಲೇ ಬರೆಸಿ.

ನಮ್ಮೂರಲ್ಲಿ ಸೋಲಾರ್ ಅಂದರೆ ಮೊದಲು ನೆನಪಾಗುವುದು ತಾರಸಿಯ ಮೇಲಿನ ಬಿಸಿನೀರಿನ ಟ್ಯಾಂಕ್. ಇಲ್ಲಿ ಯಾರಾದರೂ ಅದನ್ನು ಹಾಕಿಸುವುದಾದರೆ ಸಿ-46ನವರೂ ಮಾಡಬಹುದು, ಪ್ಲಂಬಿಂಗ್‌ನ ಸಿ-36ನವರೂ ಮಾಡಬಹುದು. ಈಜುಕೊಳ ಬಿಸಿ ಮಾಡುವ ಸೋಲಾರ್ ಆದರೆ ಸಿ-53ನವರೂ ಆಗುತ್ತದೆ.

ಬ್ಯಾಟರಿ ಎಲ್ಲಿ ಕೂರಬೇಕು

ಊರಿನ ಮನೆಯಲ್ಲಿ ಯುಪಿಎಸ್ ಬ್ಯಾಟರಿ ಮೆಟ್ಟಿಲ ಕೆಳಗೆ ಇರುತ್ತದೆ. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಿದರೆ ಆಯಿತು. ಆ ಅಭ್ಯಾಸದಿಂದ ನಮ್ಮವರು ಇಲ್ಲಿಯೂ ಮನೆಯೊಳಗಿನ ಯಾವುದೋ ಮೂಲೆ ತೋರಿಸುತ್ತಾರೆ. ಇದು ಬೇರೆಯದೇ ವಸ್ತು. ಲಿಥಿಯಂ ಬ್ಯಾಟರಿ ಒಮ್ಮೆ ಒಳಗಿಂದ ಕಾಯಲು ಶುರುವಾದರೆ ಒಂದು ಸೆಲ್‌ನಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಅದಕ್ಕೇ ನಿಯಮಗಳು ಬಿಗಿ. ಮಲಗುವ ಕೋಣೆಯಲ್ಲಿ ಇಡುವಂತಿಲ್ಲ. ಸಾಮಾನು ಕೋಣೆಯಂಥ ಒಳಜಾಗದಲ್ಲಿ ಒಟ್ಟು 40 ಯೂನಿಟ್‌ವರೆಗೆ, ಗ್ಯಾರೇಜಿನಲ್ಲಿ ಅಥವಾ ಹೊರಗೋಡೆಯ ಮೇಲೆ 80 ಯೂನಿಟ್‌ವರೆಗೆ ಮಾತ್ರ. ಹೊರಗೋಡೆಯಲ್ಲಾದರೆ ಬಾಗಿಲು ಕಿಟಕಿಗಳಿಂದ 3 ಅಡಿ ದೂರ. ಗ್ಯಾರೇಜಿನಲ್ಲಿ ಕಾರು ತಗಲುವ ಜಾಗವಾದರೆ ಮುಂದೆ ಕಬ್ಬಿಣದ ಕಂಬ ಬೇಕು. ಯುಎಲ್ 9540 ಎಂಬ ಸುರಕ್ಷತಾ ಗುರುತು ಇರುವ ಬ್ಯಾಟರಿಯೇ ಆಗಬೇಕು.

ಕಾಂಟ್ರಾಕ್ಟರ್‌ನ ತಿಳಿವಳಿಕೆ ಅಳೆಯಲು ಇದೇ ಒಳ್ಳೆಯ ದಾರಿ. ಮನೆ ನೋಡಲು ಬಂದವರನ್ನು ಬ್ಯಾಟರಿ ಎಲ್ಲಿ ಹಾಕುತ್ತೀರಿ ಎಂದು ಕೇಳಿ. ಟೇಪ್ ತೆಗೆದು ಕಿಟಕಿಯಿಂದ ಅಳೆದರೆ ಅವರಿಗೆ ಕೆಲಸ ಗೊತ್ತು. "ನೀವು ಎಲ್ಲಿ ಹೇಳಿದರೆ ಅಲ್ಲಿ" ಅಂದರೆ ಕಳಿಸಿಬಿಡಿ.

ಲೈಸೆನ್ಸ್ ಪುಟ ಓದುವುದು ಹೇಗೆ

ಸಿಎಸ್‌ಎಲ್‌ಬಿ ಜಾಲತಾಣದಲ್ಲಿ ಲೈಸೆನ್ಸ್ ನಂಬರ್ ಹಾಕಿದರೆ ಒಂದು ಪುಟ ತೆರೆಯುತ್ತದೆ. ಹತ್ತು ನಿಮಿಷದ ಕೆಲಸ, ದುಡ್ಡು ಕೊಡಬೇಕಿಲ್ಲ. ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಯಾವ ವರ್ಗಗಳಿವೆ, ಬಾಂಡ್ ಇದೆಯಾ, ದೂರಿನ ಮೇಲೆ ಕ್ರಮ ಆಗಿದೆಯಾ, ಎಲ್ಲ ಅಲ್ಲಿ ಇರುತ್ತದೆ. ಕರಾರಿನ ಮೇಲೆ ಇರುವ ಕಂಪನಿಯ ಹೆಸರು ಮತ್ತು ಲೈಸೆನ್ಸ್ ಪುಟದ ಹೆಸರು ಒಂದೇ ಇರಬೇಕು. ಮಾರುವ ಕಂಪನಿ ಒಂದು, ಕೆಲಸ ಮಾಡುವ ಕಂಪನಿ ಇನ್ನೊಂದು ಎಂದಾದರೆ ಎರಡನೆಯವರ ನಂಬರನ್ನೂ ಹಾಕಿ ನೋಡಿ. ಮನೆಗೆ ಬಂದು ಮಾರುವ ವ್ಯಕ್ತಿ ಕೂಡ ಸೇಲ್ಸ್‌ಪರ್ಸನ್ ಆಗಿ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಅದನ್ನೂ ಅಲ್ಲೇ ಹುಡುಕಬಹುದು.

ಈ ಪುಟದಲ್ಲಿ ನಾನು ಎಲ್ಲರಿಗೂ ತೋರಿಸುವ ಒಂದು ಸಾಲು ಇದೆ. ಅದು ವರ್ಕರ್ಸ್ ಕಾಂಪ್, ಅಂದರೆ ಕೆಲಸಗಾರರ ವಿಮೆ. ಕೆಲವು ಕಂಪನಿಗಳು "ನಮ್ಮಲ್ಲಿ ನೌಕರರೇ ಇಲ್ಲ" ಎಂದು ಬರೆದುಕೊಟ್ಟು ವಿನಾಯಿತಿ ಪಡೆದಿರುತ್ತವೆ. ಸೂರಿನ ಕೆಲಸದವರಂಥ ಕೆಲವು ವರ್ಗಗಳಿಗೆ ಈ ವಿನಾಯಿತಿ ಈಗಾಗಲೇ ಇಲ್ಲ. 2028ರ ಜನವರಿಯಿಂದ ಉಳಿದವರಿಗೂ ಹೋಗುತ್ತದೆ. ಅಲ್ಲಿಯವರೆಗೆ ಎಚ್ಚರ ಬೇಕು. ಪುಟದಲ್ಲಿ ನೌಕರರೇ ಇಲ್ಲ ಎಂದಿದ್ದು, ಬೆಳಗ್ಗೆ ನಾಲ್ಕು ಜನ ನಿಮ್ಮ ಸೂರು ಹತ್ತಿದರೆ ಲೆಕ್ಕ ಎಲ್ಲೋ ತಪ್ಪಿದೆ. ಅವರಲ್ಲಿ ಒಬ್ಬರು ಜಾರಿ ಬಿದ್ದರೆ ಅವರ ಆಸ್ಪತ್ರೆ ಖರ್ಚಿಗೆ ವಿಮೆ ಇಲ್ಲ, ಆ ಹೊರೆ ನಿಮ್ಮ ಕಡೆ ತಿರುಗಬಹುದು. ಅದಕ್ಕಿಂತ ಮುಖ್ಯವಾಗಿ, ಆ ಮನುಷ್ಯನ ಮನೆಯವರ ಗತಿ ಏನು?

25,000 ಡಾಲರ್ ಬಾಂಡ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಅದು ನಿಮ್ಮೊಬ್ಬರಿಗೆ ಇಟ್ಟ ಹಣ ಅಲ್ಲ, ಆ ಕಂಪನಿಯ ಎಲ್ಲ ಗ್ರಾಹಕರಿಗೂ ಸೇರಿ ಇರುವುದು. ಕಂಪನಿ ಮುಳುಗಿದರೆ ಸಾಲಿನಲ್ಲಿ ನಿಲ್ಲುವವರು ತುಂಬಾ ಜನ.

ಪರ್ಮಿಟ್ ಮತ್ತು ಹಣ

ಇಲ್ಲಿನ ನಗರದ ಕಟ್ಟಡ ಇಲಾಖೆಯಿಂದ ಪರ್ಮಿಟ್ ತೆಗೆಯುವುದು ಕಾಂಟ್ರಾಕ್ಟರ್‌ನ ಕೆಲಸ. "ನೀವೇ ಓನರ್-ಬಿಲ್ಡರ್, ಅಂದರೆ ಮಾಲೀಕರೇ ಕೆಲಸ ಮಾಡಿಸುವವರು, ಅಂತ ಅರ್ಜಿ ಹಾಕಿ, ಬೇಗ ಆಗುತ್ತದೆ" ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಹಾಗೆ ಸಹಿ ಹಾಕಿದ ಕೂಡಲೇ ಕೆಲಸದ ಪೂರ್ತಿ ಹೊಣೆ ನಿಮ್ಮದಾಗುತ್ತದೆ. ಸರಿಯಾದ ಲೈಸೆನ್ಸ್ ಇಲ್ಲದವರೇ ಹೆಚ್ಚಾಗಿ ಈ ದಾರಿ ತೋರಿಸುತ್ತಾರೆ. ನನ್ನ ಸ್ನೇಹಿತರೊಬ್ಬರು ಪರಿಚಯದವರು ಅನ್ನುವ ದಾಕ್ಷಿಣ್ಯಕ್ಕೆ ಹೀಗೆ ಸಹಿ ಹಾಕಿದರು. ಇನ್‌ಸ್ಪೆಕ್ಷನ್‌ನಲ್ಲಿ ಬ್ಯಾಟರಿಯ ಜಾಗ ತಪ್ಪು ಎಂದು ಬಂತು. ಆಮೇಲೆ ಆ ಪರಿಚಯದವರು ಫೋನ್ ಎತ್ತಲಿಲ್ಲ. ಬೇರೆಯವರಿಗೆ ಮತ್ತೆ ಹಣ ಕೊಟ್ಟು ಬ್ಯಾಟರಿ ಸರಿಸಬೇಕಾಯಿತು.

ಮುಂಗಡದ ನಿಯಮ ಸರಳ. ಒಟ್ಟು ಬೆಲೆಯ ಶೇಕಡಾ 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅಂದರೆ 30,000 ಡಾಲರ್ ಕೆಲಸಕ್ಕೂ ಮುಂಗಡ 1,000 ದಾಟುವಂತಿಲ್ಲ. ವಿಶೇಷ ಬಾಂಡ್ ಇಟ್ಟಿರುವ ಕೆಲವು ಕಂಪನಿಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ, ಅದೂ ಲೈಸೆನ್ಸ್ ಪುಟದಲ್ಲಿ ಕಾಣುತ್ತದೆ. ಉಳಿದ ಕಂತುಗಳು ಮುಗಿದ ಕೆಲಸಕ್ಕಿಂತ ಮುಂದೆ ಹೋಗಬಾರದು. ಸಹಿ ಹಾಕಿದ ಮೇಲೆ ಮನಸ್ಸು ಬದಲಾದರೆ 3 ಕೆಲಸದ ದಿನಗಳಲ್ಲಿ ರದ್ದು ಮಾಡಬಹುದು. ಸಹಿ ಹಾಕಿದವರಿಗೆ 65 ವರ್ಷ ಆಗಿದ್ದರೆ 5 ದಿನ. ಕರಾರಿನ ಮೊದಲ ಪುಟವಾಗಿಯೇ ಸೋಲಾರ್ ವಿವರದ ಒಂದು ಹಾಳೆ ಇರಬೇಕು, ಒಟ್ಟು ಬೆಲೆ ಅದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಟ್ಯಾಬ್ಲೆಟ್‌ನಲ್ಲಿ ಬೆರಳಿನಿಂದ ಸಹಿ ಮಾಡುವ ಮೊದಲು ಅದನ್ನು ಕಾಗದದಲ್ಲಿ ಕೇಳಿ ತೆಗೆದುಕೊಳ್ಳಿ.

ಇನ್ನೂ ಕೆಲವರು ಶೇಕಡಾ 30 ಫೆಡರಲ್ ತೆರಿಗೆ ರಿಯಾಯಿತಿ ಕಳೆದು ಬೆಲೆ ತೋರಿಸುತ್ತಾರೆ. ಸ್ವಂತ ಹಣದಲ್ಲಿ ಮನೆಗೆ ಹಾಕಿಸುವವರಿಗೆ ಆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಲೀಸ್ ಕಂಪನಿಗಳಿಗೆ ಬೇರೆ ನಿಯಮ. ಆ ಕಂಪನಿಗೆ ಸಿಗುವ ರಿಯಾಯಿತಿ ನಿಮ್ಮ ಕೈಗೆ ಬರುವ ಹಣ ಅಲ್ಲ.

ಲೈಸೆನ್ಸೇ ಇಲ್ಲದವರ ವಿಷಯದಲ್ಲಿ ಕಾನೂನು ಗಟ್ಟಿಯಾಗಿ ನಮ್ಮ ಕಡೆ ಇದೆ. ಲೈಸೆನ್ಸ್ ಬೇಕಾದ ಕೆಲಸವನ್ನು ಅದಿಲ್ಲದೆ ಮಾಡಿದವರು ಕೋರ್ಟಿನಲ್ಲಿ ಹಣ ಕೇಳುವಂತಿಲ್ಲ, ನಾವು ಕೊಟ್ಟ ಹಣವನ್ನು ವಾಪಸ್ ಕೇಳಬಹುದು. ಆದರೆ ಕೋರ್ಟಿನಲ್ಲಿ ಗೆಲ್ಲುವುದು ಬೇರೆ, ಅವರ ಕೈಯಿಂದ ಹಣ ಬರುವುದು ಬೇರೆ. ಆ ಪುಟ ನೋಡುವ ಹತ್ತು ನಿಮಿಷ ಮೊದಲೇ ಕೊಡಿ.

ಕೊನೆಯ ಕಂತು ಕೊಡುವ ಮುಂಚೆ ಮೂರು ಕಾಗದ ಕೈಯಲ್ಲಿರಲಿ. ನಗರದ ಇನ್‌ಸ್ಪೆಕ್ಟರ್ ಸಹಿ ಹಾಕಿದ ಪರ್ಮಿಟ್ ಒಂದು. ಕರೆಂಟ್ ಕಂಪನಿ ಕೊಡುವ ಚಾಲನೆಯ ಅನುಮತಿ ಇನ್ನೊಂದು, ಇದು ಬರುವ ತನಕ ವ್ಯವಸ್ಥೆಯನ್ನು ಆನ್ ಮಾಡುವಂತಿಲ್ಲ. ಮೂರನೆಯದು ಲೀನ್ ರಿಲೀಸ್. ಪ್ಯಾನೆಲ್ ಕೊಟ್ಟ ಅಂಗಡಿಯವರಿಗೋ ಸಬ್‌ಕಾಂಟ್ರಾಕ್ಟರ್‌ಗೋ ನಿಮ್ಮ ಕಾಂಟ್ರಾಕ್ಟರ್ ಹಣ ಕೊಡದೆ ಬಿಟ್ಟರೆ, ಅವರು ನಿಮ್ಮ ಮನೆಯ ಮೇಲೆ ಹಕ್ಕು ದಾಖಲಿಸಬಹುದು. ಹಣ ಸಂದಿದೆ, ಬಾಕಿ ಇಲ್ಲ ಎಂದು ಅವರೇ ಸಹಿ ಹಾಕಿ ಕೊಡುವ ಕಾಗದ ಅದು. ನಮ್ಮ ಕೆಲಸದಲ್ಲಿ ಪ್ಯಾನೆಲ್ ಸರಬರಾಜು ಮಾಡಿದವರ ಕಾಗದ ಬರಲು ಎರಡು ವಾರ ತಡವಾಯಿತು. ಆ ಎರಡು ವಾರವೂ ಕೊನೆಯ ಚೆಕ್ ಫ್ರಿಜ್ ಮೇಲೆ ಮ್ಯಾಗ್ನೆಟ್ ಕೆಳಗೇ ಇತ್ತು.